3ಡಿ ರೆಸಿಸ್ಟಿವಿಟಿ (ನೆಲದ ವಿದ್ಯುತ್ ತಡೆ) ಮಾಡೆಲ್‌ನಾಗ ಬಲೂನ್ ಕಾಣಕತ್ತೈತಿ, ಇದು ನೀರಾ? ಯಾವ ತಂತ್ರಾಂಶದಾಗ ನೋಡಬೇಕು?

ಎರೆಹೊಲ (ಕೊಪ್ಪಳ)
ಎಲ್ಲಾರಿಗೂ ನಮಸ್ಕಾರ. ಯಲಬುರ್ಗಾ ತಾಲ್ಲೂಕಿನ ಒಂದು ಊರಿನ ಕುಡಿಯೋ ನೀರಿನ ಬೋರಿಗೆ ಎರಡು ಪಾಯಿಂಟ್ ಕೊಡಬೇಕಾಗೈತಿ. ಡೇಟಾ ಹಿಂಗೈತಿ: 8 ಸಾಲು, ಸಾಲಿಗೆ 48 ಇಲೆಕ್ಟ್ರೋಡ್, ನಡುವ 5 ಮೀಟರ್. ಸಾಲಿಂದ ಸಾಲಿಗೆ 15 ಮೀಟರ್. ಎಲ್ಲಾ ಸಾಲೂ ಪೂರ್ವ-ಪಶ್ಚಿಮ, ವೆನ್ನರ್-ಶ್ಲುಂಬರ್ಜೆ ಜೋಡಣಿ (ಇಲೆಕ್ಟ್ರೋಡ್ ಬಳಸೋ ಒಂದು ಕ್ರಮ), ಒಟ್ಟು 4,000ದ ಆಸುಪಾಸು ಅಳತಿ. ಮ್ಯಾಲ 1-2 ಮೀಟರ್ ಎರೆ, ಕೆಳಗ ಗರಸು, ಅದರ ಕೆಳಗ ಗ್ರಾನೈಟ್ ನೈಸ್. ಹೊಲದ ನಡುವ ಉತ್ತರ-ದಕ್ಷಿಣಕ್ಕ ಒಂದು ಕರಿಕಲ್ಲಿನ ಪಟ್ಟಿ (ಡೈಕ್) ಹಾದೈತಿ.

3ಡಿ ಇನ್ವರ್ಷನ್ (ಅಳತಿಯಿಂದ ನೆಲದೊಳಗಿನ ಮಾಡೆಲ್ ಲೆಕ್ಕ ಮಾಡೋದು) ಆಗೈತಿ, ಆರ್‌ಎಂಎಸ್ 3.1%. ಪ್ಯಾರಾವ್ಯೂನಾಗ 100 ಓಮ್-ಮೀಟರಿಗೆ ಐಸೊಸರ್ಫೇಸ್ (ಒಂದೇ ಬೆಲೆಯ ಮೇಲ್ಮೈ) ಹಾಕಿದ್ರ ಈಶಾನ್ಯ ಮೂಲ್ಯಾಗ 40-50 ಮೀಟರ್ ಆಳದಾಗ ದೊಡ್ಡ ಬಲೂನಿನಂಥಾದ್ದು ಕಾಣತೈತಿ. ಪಂಚಾಯ್ತಿಯವ್ರು ಚಿತ್ರ ನೋಡಿ ಅಲ್ಲೇ ರಿಗ್ ನಿಲ್ಲಿಸೋಣ ಅಂತಾರ. ಆದ್ರ ಸಾಲು ಸಾಲಾಗಿ ಮಾಡಿದ 2ಡಿ ಸೆಕ್ಷನ್‌ನಾಗ ಆ ಜಾಗದಾಗ ಅಂಥಾದ್ದೇನೂ ಇಲ್ಲ. ಯಾವುದನ್ನ ನಂಬಬೇಕು? ಬ್ಯಾರೆ ತಂತ್ರಾಂಶ ಬೇಕಾ? ರೊಕ್ಕ ಕೊಟ್ಟು ಲೈಸೆನ್ಸ್ ತಗೊಳ್ಳೋಹಂಗಿಲ್ಲ. ಕಂಪ್ಯೂಟರ್ 8 ಜಿಬಿ.

ತುಂಗಾದಂಡೆ
ಕವರೇಜ್ (ಯಾವ ಜಾಗಕ್ಕೆ ಅಳತೆ ಎಷ್ಟು ಮುಟ್ಟಿದೆ ಅನ್ನೋದು) ನೋಡಿದ್ರಾ? ಅದಿಲ್ಲದ ಚಿತ್ರದ ಮೇಲೆ ಯಾರೂ ಏನೂ ಹೇಳೋಕೆ ಬರಲ್ಲ.

ಬೋರ್‌ಲಾಗ್
ತುಂಗಾದಂಡೆ ಹೇಳಿದ್ದೇ ಮೊದಲ ಮಾತು. ಲೆಕ್ಕ ಹಾಕ್ರಿ. 48 ಇಲೆಕ್ಟ್ರೋಡ್, 5 ಮೀಟರ್ ಅಂದ್ರ ಸಾಲಿನ ಉದ್ದ 235 ಮೀಟರ್. ವೆನ್ನರ್-ಶ್ಲುಂಬರ್ಜೆಗೆ ನೋಟದ ಆಳ ಸಾಲಿನ ಉದ್ದದ ಸುಮಾರು 0.19 ಪಟ್ಟು, ಅಂದ್ರ 45 ಮೀಟರ್. ಅದೂ ಸಾಲಿನ ನಟ್ಟನಡುವ ಮಾತ್ರ. ಎರಡೂ ತುದಿಗೆ ಹೋದಂಗೆಲ್ಲ ಆಳ ಕಮ್ಮಿ ಆಗ್ತಾ ಬಂದು ತುದಿ ಇಲೆಕ್ಟ್ರೋಡಿನ ಕೆಳಗ ಬರೀ ಮೇಲ್ಮಣ್ಣು ಉಳೀತೈತಿ. ನಿಮ್ಮ ಬಲೂನು ಕುಂತಿರೋದು ಮೂಲ್ಯಾಗ, 40 ಮೀಟರ್ ಕೆಳಗ. ಅಲ್ಲಿ ಒಂದೂ ಅಳತಿ ಇಲ್ಲ. ಅಳತಿ ಇಲ್ಲದ ಕಡೆ ಇನ್ವರ್ಷನ್ ಸುಮ್ನ ಇರೋದಿಲ್ಲ, ಮಗ್ಗಲಿನ ಬೆಲೆಯನ್ನ ನುಣ್ಣಗ ಎಳದು ತುಂಬತೈತಿ. ಆ ಎಳದಿದ್ದೇ ಬಲೂನ್ ಆಗೈತಿ.

ಆರ್‌ಎಂಎಸ್ 3.1 ಅಂತ ಸಮಾಧಾನ ಬ್ಯಾಡ. ಅದು ಅಳತಿ ಇದ್ದ ಕಡೆ ಮಾಡೆಲ್ ಎಷ್ಟು ಹೊಂದೈತಿ ಅನ್ನೋದನ್ನಷ್ಟೇ ಹೇಳತೈತಿ. ಮೂಲ್ಯಾಗ 100 ಬದಲು 2,000 ಇಟ್ಟರೂ ಆರ್‌ಎಂಎಸ್ ಹೆಚ್ಚುಕಮ್ಮಿ ಅಷ್ಟೇ ಇರತೈತಿ.

ಗ್ರಿಡ್‌ಗಂಗಾವತಿ
ಓಪನ್‌ಡಿಟೆಕ್ಟ್ ಹಾಕ್ಕೊಳ್ಳಿ, ಉಚಿತ, 3ಡಿ ಚಲೋ ತೋರಿಸತೈತಿ.

ಬೋರ್‌ಲಾಗ್
ಇಲ್ಲ ಗಂಗಾವತಿಯವ್ರ, ಅದು ಸೈಸ್ಮಿಕ್ ರಿಫ್ಲೆಕ್ಷನ್ ವಾಲ್ಯೂಮಿಗೆ ಮಾಡಿದ್ದು. ಸೆಗ್-ವೈ ಫೈಲು, ಇನ್‌ಲೈನು, ಕ್ರಾಸ್‌ಲೈನು, ಹೊರೈಜನ್ ಹಿಡಿಯೋದು, ಎಲ್ಲಾ ಪದರ ಪದರ ಕಲ್ಲಿನ ಲೆಕ್ಕ. ನಮ್ಮ ಕಡೆ ಪದರಾನೇ ಇಲ್ಲ. ಇನ್ನೊಂದು, ತೋರ್ಸೋ ತಂತ್ರಾಂಶ ಬ್ಯಾರೆ, ಲೆಕ್ಕ ಮಾಡೋ ತಂತ್ರಾಂಶ ಬ್ಯಾರೆ. ರೆಸ್3ಡಿಇನ್ವ್, ರೆಸಿಪೈ, ಪೈಗಿಮ್ಲಿ, ಸಿಂಪೆಗ್ ಇವು ಲೆಕ್ಕದವು. ಪ್ಯಾರಾವ್ಯೂ, ವಾಕ್ಸ್‌ಲರ್, ಪೈವಿಸ್ಟಾ ಇವು ತೋರ್ಸೋವು. ತೋರ್ಸೋದನ್ನ ಬದಲಿಸಿದ್ರ ಬಲೂನು ಹೋಗೋದಿಲ್ಲ, ಬಣ್ಣ ಬದಲಾಗತೈತಿ ಅಷ್ಟೇ.

ಪದರಪದರ (ಬಳ್ಳಾರಿ)
ಪ್ಯಾರಾವ್ಯೂ ಸಾಕು, ಹೊಸದು ಬೇಡ. ಆದರೆ ಕ್ರಮ ತಪ್ಪಿದೆ. ನಾನು ಬರೆದಂತೆ ಒಂದ್ಸಲ ಮಾಡಿ ನೋಡಿ.

ಮೊದಲು ವಿಟಿಕೆ ಫೈಲ್ (ಇನ್ವರ್ಷನ್ ಕೊಟ್ಟ ಮಾಡೆಲ್) ತೆರೆದು ಅಪ್ಲೈ ಒತ್ತಿ. ಇನ್‌ಫರ್ಮೇಶನ್ ಪ್ಯಾನೆಲ್‌ನಲ್ಲಿ ಯಾವ ಯಾವ ಅರೇ (ಬೆಲೆಗಳ ಪಟ್ಟಿ) ಇವೆ ನೋಡಿ. ರೆಸಿಸ್ಟಿವಿಟಿ ಜೊತೆಗೆ ಸೆನ್ಸಿಟಿವಿಟಿ ಅಥವಾ ಕವರೇಜ್ ಇರಲೇಬೇಕು. ಇಲ್ಲದಿದ್ದರೆ ಇನ್ವರ್ಷನ್‌ಗೆ ವಾಪಸ್ ಹೋಗಿ ಅದನ್ನು ಎಕ್ಸ್‌ಪೋರ್ಟ್ ಮಾಡಿಸಿ, ಅದಿಲ್ಲದೆ ಮುಂದೆ ಹೋಗಬೇಡಿ.

ಆಮೇಲೆ ಥ್ರೆಶೋಲ್ಡ್ ಫಿಲ್ಟರ್, ಕವರೇಜ್ ಮೇಲೆ. ಲಾಗ್ ಬೆಲೆಯಲ್ಲಿದ್ದರೆ ಗರಿಷ್ಠಕ್ಕಿಂತ 2 ಕಡಿಮೆ ಇರುವಲ್ಲಿ ಕತ್ತರಿಸಿ ನೋಡಿ, ನಂತರ 3 ಕಡಿಮೆಗೆ ಇಳಿಸಿ. ಎರಡರಲ್ಲೂ ಉಳಿಯುವ ಆಕಾರವನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ. ನಿಮ್ಮ ಮಾಡೆಲ್ ಇಟ್ಟಿಗೆಯಂತಿದ್ದದ್ದು ನೆಟ್ಟಗಿಟ್ಟ ದೋಣಿಯಡಿಯ ಆಕಾರಕ್ಕೆ ಬರುತ್ತೆ. ಅದೇ ಸರಿಯಾದ ಆಕಾರ.

ಅದಾದ ಮೇಲೆ ಇನ್ನೊಂದು ಥ್ರೆಶೋಲ್ಡ್, ಈ ಸಲ ರೆಸಿಸ್ಟಿವಿಟಿ ಮೇಲೆ, 20ರಿಂದ 150. ಇಲ್ಲಿ ಕಂಟೂರ್ ಹಾಕಬೇಡಿ. ಕಂಟೂರ್ ಫಿಲ್ಟರ್‌ಗೆ ಬಿಂದುವಿನ ಬೆಲೆ ಬೇಕು. ಇನ್ವರ್ಷನ್ ಕೊಡುವುದು ಕೋಶದ ಬೆಲೆ. ಹಾಗಾಗಿ ನಡುವೆ ಸೆಲ್ ಡೇಟಾ ಟು ಪಾಯಿಂಟ್ ಡೇಟಾ ನಡೆಯುತ್ತೆ, ಅದು ಅಕ್ಕಪಕ್ಕದ ಕೋಶಗಳ ಸರಾಸರಿ. ಒಂದೆರಡು ಕೋಶ ದಪ್ಪದ ಬಿರುಕು ಅದರಲ್ಲಿ ಕರಗಿ ಹೋಗುತ್ತೆ, ಕೆಳಗಿನ ದೊಡ್ಡ ಕೋಶಗಳು ಮಾತ್ರ ಉಬ್ಬಿ ದುಂಡಗೆ ಕಾಣುತ್ತವೆ. ಥ್ರೆಶೋಲ್ಡ್ ಕೋಶವನ್ನು ಇದ್ದ ಹಾಗೇ ತೋರಿಸುತ್ತೆ. ಒರಟಾಗಿ ಕಾಣಲಿ, ಮಾಡೆಲ್ ಇರುವುದೇ ಅಷ್ಟು ಒರಟಾಗಿ.

ಬಣ್ಣ: ಲಾಗ್ ಸ್ಕೇಲ್ ಹಾಕಿ, ವ್ಯಾಪ್ತಿಯನ್ನು 10ರಿಂದ 3,000ಕ್ಕೆ ಕೈಯಿಂದ ಕಟ್ಟಿ ಹಾಕಿ. ತಾನೇ ಹೊಂದಿಸಿಕೊಳ್ಳಲು ಬಿಟ್ಟರೆ ಒಂದು ಸ್ಲೈಸಿನ ನೀಲಿ ಇನ್ನೊಂದರ ಹಸಿರಾಗುತ್ತೆ, ಹೋಲಿಕೆ ಹಾಳು. ಕಾಮನಬಿಲ್ಲಿನ ಬಣ್ಣ ಬೇಡ, ಹಳದಿ ಬರುವ ಜಾಗದಲ್ಲಿ ಇಲ್ಲದ ಗೆರೆ ಕಾಣುತ್ತೆ. ವಿರಿಡಿಸ್ ಸಾಕು.

ಮಸ್ಕಿಮೆಶ್
ಪದರಪದರ ಅವರ ಮಾತಿಗೆ ಒಂದು ಸೇರಿಸ್ತೀನ್ರಿ. ಕವರೇಜ್ ಎಲ್ಲಿ ಕತ್ತರಿಸಬೇಕು ಅನ್ನೋದು ಕೈಅಳತಿ ಆಗ್ತದ. ಅದಕ್ಕ ಓಲ್ಡನ್‌ಬರ್ಗ್ ಮತ್ತು ಲಿ 1999ರಾಗ ಹೇಳಿದ ಡಿಓಐ (ಡೇಟಾ ಎಷ್ಟು ಆಳ ಮುಟ್ಟ್ಯದ ಅನ್ನೋದರ) ವಿಧಾನ ಚೊಲೋ ಅದ. ಅದೇ ಡೇಟಾ ಎರಡು ಸಲ ಇನ್ವರ್ಟ್ ಮಾಡ್ರಿ. ಒಮ್ಮೆ ರೆಫರೆನ್ಸ್ ಮಾಡೆಲ್ (ನೀವು ಮೊದಲೇ ಕೊಡೋ ಬೆಲೆ) ಸರಾಸರಿಯ 10 ಪಟ್ಟು, ಇನ್ನೊಮ್ಮೆ ಹತ್ತರಲ್ಲೊಂದು. ಪ್ರತಿ ಕೋಶದಾಗ ಎರಡು ಉತ್ತರದ ಲಾಗ್ ವ್ಯತ್ಯಾಸ ತಗೊಂಡು 2ರಿಂದ ಭಾಗಿಸ್ರಿ (100 ಪಟ್ಟಿನ ಲಾಗ್ 2). 0ಗೆ ಹತ್ತಿರ ಬಂದ್ರ ಆ ಬೆಲೆ ಡೇಟಾದಿಂದ ಬಂದದ್ದು. 1ಕ್ಕ ಹತ್ತಿರ ಬಂದ್ರ ನೀವು ಕೊಟ್ಟ ರೆಫರೆನ್ಸೇ ವಾಪಸ್ ಬಂದದ. 0.2 ದಾಟಿದ್ದನ್ನ ತೆಗೀರಿ. ಪ್ಯಾರಾವ್ಯೂದಾಗ ಎರಡೂ ಫೈಲ್ ತೆರೆದು ಅಪೆಂಡ್ ಆಟ್ರಿಬ್ಯೂಟ್ಸ್ ಹಾಕಿ ಕ್ಯಾಲ್ಕ್ಯುಲೇಟರ್‌ದಾಗ ಲೆಕ್ಕ ಮಾಡಬಹುದು. ಎರಡಕ್ಕೂ ಮೆಶ್ (ಕೋಶಗಳ ಜಾಲ) ಒಂದೇ ಇರಬೇಕು, ಅರೇ ಹೆಸರು ಬ್ಯಾರೆ ಬ್ಯಾರೆ ಇರಬೇಕು. ಹೆಸರು ಒಂದೇ ಇದ್ರ ಒಂದು ಮುಚ್ಚಿ ಹೋಗ್ತದ.

ಕುಷ್ಟಗಿಕಲ್ಲು
ಇಷ್ಟೆಲ್ಲ ಯಾಕ? ಎಂಟು 2ಡಿ ಸೆಕ್ಷನ್ ಚಲೋ ಬಂದಾವಲ್ಲ. ಅವನ್ನೇ ವಾಕ್ಸ್‌ಲರಿಗೆ ಹಾಕಿ ಗ್ರಿಡ್ ಮಾಡಿದ್ರ 3ಡಿ ಆತು.

ಮಸ್ಕಿಮೆಶ್
ಆಗಂಗಿಲ್ರಿ. 2ಡಿ ಸೆಕ್ಷನ್ ಹೊಲಿದು ಜೋಡಿಸಿದ್ದು 3ಡಿ ಇನ್ವರ್ಷನ್ ಅಲ್ಲ. 2ಡಿ ಲೆಕ್ಕ ಮಾಡುವಾಗ ಸಾಲಿನ ಎಡಬಲಕ್ಕ ನೆಲ ಒಂದೇ ಥರ ಅದ ಅಂತ ಹಿಡಿದಿರ್ತದ. ಮಗ್ಗಲಿಗೆ 10 ಮೀಟರ್ ದೂರದ ಎರೆ ಗುಂಡಿ ನಿಮ್ಮ ಸಾಲಿನ ಕೆಳಗ ಆಳದಾಗ ಇದ್ದಂಗ ಕಾಣಬಹುದು. ಮ್ಯಾಲ, ಸಾಲಿನ ಉದ್ದಕ್ಕ 5 ಮೀಟರಿಗೆ ಒಂದು ಬೆಲೆ, ಆಳಕ್ಕ 2-3 ಮೀಟರಿಗೆ ಒಂದು, ಸಾಲಿನ ನಡುವ 15 ಮೀಟರಿಗೆ ಒಂದು. ಸರ್ಚ್ ರೇಡಿಯಸ್ (ಬೆಲೆ ಹುಡುಕೋ ದೂರ) ಮೂರೂ ದಿಕ್ಕಿಗೆ ಒಂದೇ ಕೊಟ್ರ ಪ್ರತಿ ಸಾಲಿನ ಸುತ್ತ ಮಣಿ ಪೋಣಿಸಿದಂಗ ಗುಂಡು ಗುಂಡು ಬರ್ತದ.

ಕುಷ್ಟಗಿಕಲ್ಲು
ರೇಡಿಯಸ್ ದಿಕ್ಕಿಗೆ ತಕ್ಕಂಗ ಕೊಟ್ರ ಮಣಿ ಬರೂದಿಲ್ಲ, ಅದು ಗೊತ್ತಿರೋ ಮಾತು. ಡೈಕ್ ಸಾಲಿಗೆ ಅಡ್ಡಲಾಗಿ ಹಾದಾಗ 2ಡಿ ಊಹೆ ಏನೂ ತಪ್ಪಲ್ಲ. ಇಲ್ಲಿ ಸಾಲು ಪೂರ್ವ-ಪಶ್ಚಿಮ, ಡೈಕ್ ಉತ್ತರ-ದಕ್ಷಿಣ. ಇದಕ್ಕಿಂತ ಚಲೋ 2ಡಿ ಎಲ್ಲಿ ಸಿಗತೈತಿ? ನನ್ನ ಪ್ರಕಾರ ಈ ಹೊಲಕ್ಕ 2ಡಿ ಸೆಕ್ಷನ್ನೇ ಹೆಚ್ಚು ನಂಬಬೇಕು.

ಬೋರ್‌ಲಾಗ್
ಕುಷ್ಟಗಿ ಅಣ್ಣನ ಮಾತು ಡೈಕ್ ಮಟ್ಟಿಗೆ ಸರಿ ಐತಿ. ಆದ್ರ ನೀರು ಹುಡುಕೋದು ಡೈಕಿನೊಳಗಲ್ಲ. ಗಟ್ಟಿ ಡೈಕ್ ಒಣ ಕಲ್ಲು, 1,000 ಓಮ್-ಮೀಟರ್ ಮ್ಯಾಲ ಇರತೈತಿ. ನೀರು ನಿಲ್ಲೋದು ಅದರ ಮಗ್ಗಲಿನ ಒಡಕಿನಾಗ, ಮತ್ತ ಡೈಕನ್ನ ಅಡ್ಡ ಕತ್ತರಿಸೋ ಬಿರುಕು ಬಂದು ಕೂಡೋ ಜಾಗದಾಗ. ಆ ಅಡ್ಡ ಬಿರುಕು ನಿಮ್ಮ ಸಾಲಿಗೆ ಸಮಾನಾಂತರ. ಸಾಲು 15 ಮೀಟರಿಗೊಂದು ಇದ್ದಾಗ ಅದು ಎರಡು ಸಾಲಿನ ನಡುವ ಜಾರಿ ಹೋಗಬಹುದು, 2ಡಿಯಾಗಂತೂ ಕಾಣೋದೇ ಇಲ್ಲ.

ಸಾಲಿನ ಅಂತರ ಇಲೆಕ್ಟ್ರೋಡ್ ಅಂತರದ ಎರಡು ಪಟ್ಟಿನೊಳಗ ಇದ್ರ 3ಡಿ ಗಟ್ಟಿ. ಇಲ್ಲಿ ಮೂರು ಪಟ್ಟು ಆಗೈತಿ. ನಡೀತೈತಿ, ಆದ್ರ ಅಡ್ಡ ಸಾಲು ಬೇಕೇ ಬೇಕು. ಉತ್ತರ-ದಕ್ಷಿಣ ಎರಡು ಸಾಲು ಹಾಕ್ರಿ, ಒಂದು ಡೈಕಿನ ಪೂರ್ವಕ್ಕ, ಒಂದು ಪಶ್ಚಿಮಕ್ಕ, ಅಂಚಿನಿಂದ 10-15 ಮೀಟರ್ ಬಿಟ್ಟು. ಡೈಕಿನ ನೆತ್ತಿ ಮ್ಯಾಲೆ ಹಾಕಬ್ಯಾಡ್ರಿ. ಹಾಕಿದ ಮ್ಯಾಲ 10 ಸಾಲೂ ಕೂಡಿಸಿ ಒಂದೇ ಫೈಲ್ ಮಾಡಿ ಇನ್ವರ್ಟ್ ಮಾಡ್ರಿ. ಡೈಕಿನ ಅಂಚು ಚೂಪು ಇರೋದ್ರಿಂದ ಎಲ್1 ರೋಬಸ್ಟ್ (ಚೂಪು ಅಂಚು ಉಳಿಸೋ) ಆಯ್ಕೆ ಹಾಕ್ರಿ. ಎಲ್2 (ನುಣ್ಣಗ ಮಾಡೋದು) ಹಾಕಿದ್ರ ಅಂಚು ಹಿಗ್ಗಿ ಒಡಕಿನ ಜಾಗಾನೇ ನುಂಗಿಬಿಡತೈತಿ.

ಎರೆಹೊಲ (ಕೊಪ್ಪಳ)
8 ಜಿಬಿಯಾಗ 10 ಸಾಲು ಓಡತೈತಾ? ಈಗಲೇ ಒಮ್ಮೊಮ್ಮೆ ನಿಂತು ಬಿಡತೈತಿ.

ಮಸ್ಕಿಮೆಶ್
ಜಾಕೋಬಿಯನ್ (ಪ್ರತಿ ಅಳತಿ ಮ್ಯಾಲ ಪ್ರತಿ ಕೋಶದ ಪ್ರಭಾವದ ಕೋಷ್ಟಕ) ಲೆಕ್ಕ ಹಾಕ್ರಿ, ತಿಳೀತದ. ಅಳತಿಯ ಸಂಖ್ಯೆ × ಮಾಡೆಲ್ ಕೋಶದ ಸಂಖ್ಯೆ × 8 ಬೈಟ್. 4,000 ಅಳತಿ, 50,000 ಕೋಶ ಅಂದ್ರ 1.6 ಜಿಬಿ. ಅದೇ 3 ಲಕ್ಷ ಕೋಶ ಮಾಡಿದ್ರ 9.6 ಜಿಬಿ, ಮಷಿನ್ ನಿಲ್ತದ. 10 ಸಾಲಿಗೆ 5,000 ಅಳತಿ ಅಂತ ಹಿಡಿದ್ರೂ 50,000 ಕೋಶಕ್ಕ 2 ಜಿಬಿ. ಇಲೆಕ್ಟ್ರೋಡ್ ಹತ್ರ ಕೋಶ ಸಣ್ಣದಿರಲಿ, ಅಂತರದ ಅರ್ಧ ಅಥವಾ ಕಾಲು ಭಾಗ. ಕೆಳಗ ಹೋದಂಗ ದೊಡ್ಡದು ಮಾಡ್ರಿ. ಆಳದಾಗ ಸಣ್ಣ ಕೋಶ ಹಾಕಿದ್ರ ಹೊಸ ವಿವರ ಏನೂ ಬರಂಗಿಲ್ಲ.

ಸಿಂಧನೂರುಗದ್ದೆ
ಒಂದು ಮಾತ್ರೀ. ಎಲ್ಲಾರೂ 100ಕ್ಕಿಂತ ಕಮ್ಮಿ ಅಂದ್ರ ನೀರು ಅಂತ ಹಿಡದೇ ಮಾತಾಡಕತ್ತೀರಿ. ತುಂಗಭದ್ರಾ ಕಾಲುವಿ ಕೆಳಗಿನ ಭತ್ತದ ನೆಲದಾಗ 3-5 ಓಮ್-ಮೀಟರ್ ಸರಾಗ ಬರ್ತದ. ಅದು ಉಪ್ಪು ಮತ್ತ ಜಿಗುಟು ಮಣ್ಣು. ನೀರಿನ ಇಸಿ (ವಿದ್ಯುತ್ ವಾಹಕತೆ) ಸೆಂಟಿಮೀಟರಿಗೆ 3,000 ಮೈಕ್ರೋಸೀಮೆನ್ಸ್ ಇದ್ರ ಆ ನೀರಿನದ್ದೇ ರೆಸಿಸ್ಟಿವಿಟಿ 3.3. ತಂತ್ರಾಂಶ ಅದನ್ನ ಕಡುನೀಲಿ ಮಾಡಿ ತೋರಿಸ್ತದ. ನೀಲಿ ಕಂಡ ಕೂಡ್ಲೇ ಸಿಹಿನೀರು ಅಂತ ಜನ ನಂಬ್ತಾರ. ನೀಲಿ ಬಣ್ಣಾನೇ ಬಳಸಬಾರದು ಅಂತೀನಿ ನಾನು.

ಬೋರ್‌ಲಾಗ್
ಪೂರ್ತಿ ಒಪ್ಪೇನಿ. ಗ್ರಾನೈಟ್ ನೆಲಕ್ಕ ಒಂದು ಅಂದಾಜು: ಎರೆ 3-10, ನೀರು ಹಿಡಿದ ಗರಸು 20-100, ಒಡಕು ಕಲ್ಲು 100-400, ಗಟ್ಟಿ ಬಂಡೆ 1,000 ಮ್ಯಾಲ. ಇದು ಅಂದಾಜಷ್ಟೇ. ನಿಜವಾದ ಗಡಿ ಊರಿನ ಹಳೇ ಬೋರ್ ಹೇಳತಾವು. ಪ್ರತಿ ಬೋರಿನ ಕೇಸಿಂಗ್ ಎಷ್ಟು ಅಡಿ ಇಳಿಸ್ಯಾರ ಕೇಳ್ರಿ. ಕೇಸಿಂಗ್ ನಿಂತ ಆಳಾನೇ ಗರಸು ಮುಗಿದು ಬಂಡೆ ಹತ್ತಿದ ಆಳ. ರಿಗ್‌ನವರು ಕೇಸಿಂಗಿಗೆ ಅಡಿ ಲೆಕ್ಕದಾಗ ರೊಕ್ಕ ತಗೋತಾರ, ಹಂಗಾಗಿ ಹೊಲದವ್ರಿಗೆ ಆ ಅಂಕಿ ಮರೆಯೋದಿಲ್ಲ. ಇದು ಪುಕ್ಕಟೆ ಸಿಗೋ ಕ್ಯಾಲಿಬ್ರೇಷನ್. ಮಾಡೆಲ್‌ನಾಗ ಆ ಆಳಕ್ಕ ಯಾವ ಬೆಲೆ ಬರತೈತಿ ನೋಡ್ರಿ, ಅದೇ ನಿಮ್ಮ ಗಡಿ. 100 ಅಂತ ಪುಸ್ತಕದಿಂದ ಎತ್ತಿಡಬ್ಯಾಡ್ರಿ.

ಇನ್ನೊಂದನ್ನ ಪಂಚಾಯ್ತಿಗೆ ಮೊದಲೇ ಹೇಳಿಬಿಡ್ರಿ. 45 ಮೀಟರ್ ಅಂದ್ರ 150 ಅಡಿಗಿಂತ ಚೂರು ಕಮ್ಮಿ. ಈ ಕಡೆ ಬೋರು 400-500 ಅಡಿ ಸಲೀಸಾಗಿ ಹೋಗ್ತಾವು. ಈ ಸರ್ವೆ 150 ಅಡಿ ಕೆಳಗಿನದ್ದು ಏನೂ ಹೇಳೋದಿಲ್ಲ. 10 ಮೀಟರ್ ಅಂತರ ಮಾಡಿದ್ರ ಸಾಲು 470 ಮೀಟರ್, ಆಳ ಸುಮಾರು 290 ಅಡಿ. ಅಷ್ಟು ಆಳದ ಒಂದು ಮೀಟರ್ ದಪ್ಪದ ಬಿರುಕು ಅದರಾಗೂ ಬಿಡಿಯಾಗಿ ಕಾಣೋದಿಲ್ಲ.

ಸಂಡೂರುಸೂಜಿ
ಡೈಕ್ ಹಿಡಿಯೋದಕ್ಕೆ ಇಷ್ಟು ರೆಸಿಸ್ಟಿವಿಟಿ ಯಾಕೆ? ಪ್ರೋಟಾನ್ ಮ್ಯಾಗ್ನೆಟೋಮೀಟರ್ ತಗೊಂಡು 5 ಮೀಟರಿಗೊಂದು ರೀಡಿಂಗ್ ಮಾಡಿದ್ರೆ ಅರ್ಧ ದಿನದ ಕೆಲಸ.

ಹಟ್ಟಿಹಾದಿ (ಲಿಂಗಸುಗೂರು)
ಸಂಡೂರಿನವ್ರೇ, ಡೈಕ್ ಉತ್ತರ-ದಕ್ಷಿಣ ಅದ, ಅದನ್ನ ನೋಡ್ರಿ. ನಮ್ಮ ಅಕ್ಷಾಂಶದಾಗ ಕಾಂತಕ್ಷೇತ್ರದ ಇಳಿಕೋನ 20 ಡಿಗ್ರಿ ಆಸುಪಾಸು. ಉತ್ತರ-ದಕ್ಷಿಣ ಹಾದ ಉದ್ದನೆ ಕಾಯಕ್ಕ ಪ್ರೇರಿತ ಕಾಂತತ್ವದ ಸಂಕೇತ ಇಳಿಕೋನದ ಸೈನ್ ವರ್ಗಕ್ಕ ಇಳೀತದ, ಅಂದ್ರ 0.12. ಪೂರ್ವ-ಪಶ್ಚಿಮ ಡೈಕಿಗೆ ಬರೋದರ ಎಂಟರಲ್ಲೊಂದು ಪಾಲು. ಕಲ್ಲಿನೊಳಗ ಹಳೇ ಕಾಂತತ್ವ ಉಳಿದಿದ್ರ ಕಾಣ್ತದ, ಇಲ್ಲಂದ್ರ ಗದ್ದಲದಾಗ ಮುಳುಗ್ತದ. ಕೊಳವೆಬಾವಿ ಕೇಸಿಂಗು, ತಂತಿ ಬೇಲಿ, ಹೈಟೆನ್ಷನ್ ಲೈನು ಹತ್ರ ಇದ್ರ ಕೇಳೋದೇ ಬ್ಯಾಡ.

ಸಂಡೂರುಸೂಜಿ
ಹೌದು, ದಿಕ್ಕು ಗಮನಿಸಿರಲಿಲ್ಲ. ನೀವು ಹೇಳಿದ್ದು ಸರಿ.

ಮ್ಯಾಗ್ನೆಟಿಕ್ ಮಾತು ಬಂತು ಅಂತ ಸಂಡೂರು ಕಡೆ ಕಬ್ಬಿಣದ ಅದಿರಿನ ಕೆಲಸ ಮಾಡೋ ಹುಡುಗರಿಗೆ ಎರಡು ವಿಷಯ ಹೇಳಬೇಕು, ಪದೇ ಪದೇ ತಪ್ಪಾಗ್ತಾ ಇದೆ. ಈ ಅಕ್ಷಾಂಶದಲ್ಲಿ ಕಾಯದ (ನೆಲದೊಳಗಿನ ಕಾಂತೀಯ ಕಲ್ಲಿನ) ನೆತ್ತಿ ಮೇಲೆ, ಸ್ವಲ್ಪ ಉತ್ತರಕ್ಕೆ, ತಗ್ಗು ಬರುತ್ತೆ. ಏರು ದಕ್ಷಿಣಕ್ಕೆ ಸರಿದಿರುತ್ತೆ. ನಕ್ಷೆಯ ಕೆಂಪು ಶಿಖರದ ಮೇಲೆ ಡ್ರಿಲ್ ಇಟ್ಟರೆ ಕಾಯದ ದಕ್ಷಿಣಕ್ಕೆ ಇಳೀತೀರಿ. ಧ್ರುವಕ್ಕೆ ಇಳಿಸೋ ಆರ್‌ಟಿಪಿ ಫಿಲ್ಟರ್ ಇಲ್ಲಿ ಉತ್ತರ-ದಕ್ಷಿಣ ಪಟ್ಟೆ ಎಬ್ಬಿಸುತ್ತೆ. 3ಡಿ ಇನ್ವರ್ಷನ್‌ಗೆ ಆರ್‌ಟಿಪಿ ಬೇಕೂ ಇಲ್ಲ. ಮೂಲ ಟಿಎಂಐ (ಒಟ್ಟು ಕಾಂತಕ್ಷೇತ್ರದ ಅಳತೆ) ಕೊಟ್ಟು, ಸರ್ವೆ ದಿನಾಂಕಕ್ಕೆ ಐಜಿಆರ್‌ಎಫ್‌ನಿಂದ (ಭೂಮಿಯ ಕಾಂತಕ್ಷೇತ್ರದ ಅಂತಾರಾಷ್ಟ್ರೀಯ ಮಾಡೆಲ್) ಇಳಿಕೋನ, ದಿಕ್ಪಾತ ತುಂಬಿ. ಆರ್‌ಟಿಪಿ ಮಾಡಿದ ಗ್ರಿಡ್ ಕೊಟ್ಟು ಇಳಿಕೋನ 20 ಅಂತಲೇ ಬಿಟ್ಟರೆ ಮಾಡೆಲ್ ಪೂರ್ತಿ ವಾಲಿಕೊಂಡು ಬರುತ್ತೆ. ಆಗ 90 ಕೊಡಬೇಕು.

ಎರಡನೇದು, ಹೆಮಟೈಟ್ ಅದಿರು ಕಾಂತಕ್ಕೆ ಹೆಚ್ಚುಕಡಿಮೆ ಮೌನ. ಕೂಗೋದು ಮ್ಯಾಗ್ನೆಟೈಟ್ ಇರೋ ಪಟ್ಟೆಕಲ್ಲು. ಅದು ಅದಿರಾಗಿ ಮಾಗಿದ ಕಡೆ ಮ್ಯಾಗ್ನೆಟೈಟ್ ಹೆಮಟೈಟ್ ಆಗಿ ಸಂಕೇತ ಕುಸಿಯುತ್ತೆ. ಹಾಗಾಗಿ 3ಡಿ ಮಾಡೆಲ್‌ನ ದೊಡ್ಡ ಸಸೆಪ್ಟಿಬಿಲಿಟಿ (ಕಾಂತಕ್ಕೆ ಸ್ಪಂದಿಸೋ ಗುಣ) ಗುಡ್ಡೆ ಒಳ್ಳೆ ಅದಿರು ಅಂತ ಅಲ್ಲ. ಗ್ರಾವಿಟಿ ಜೊತೆಗಿಟ್ಟು ನೋಡಿ. ಗುಡ್ಡದಲ್ಲಿ ಎತ್ತರ ಒಂದು ಮೀಟರ್ ತಪ್ಪಿದರೆ 0.2 ಮಿಲಿಗ್ಯಾಲ್ ತಪ್ಪುತ್ತೆ, ಅದೂ ನೆನಪಿರಲಿ.

ಹಟ್ಟಿಹಾದಿ (ಲಿಂಗಸುಗೂರು)
ಜಿಎಸ್‌ಐ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ) ಡೇಟಾ ಬೇಕಾದವ್ರು ಎನ್‌ಜಿಡಿಆರ್ (ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರ) ಪೋರ್ಟಲ್ ನೋಡ್ರಿ, 2023ರ ಡಿಸೆಂಬರ್‌ದಾಗ ಶುರುವಾಗ್ಯದ, ನೋಂದಣಿ ಮಾಡಿ ಇಳಿಸ್ಕೋಬಹುದು. ವಿಮಾನ ಸರ್ವೆಯ ಹಾರಾಟದ ಸಾಲು 300 ಮೀಟರ್ ಅಂತರದ್ದಿದ್ರ ಗ್ರಿಡ್ ಕೋಶ 60-75 ಮೀಟರ್ ಮಾಡ್ರಿ. 10 ಮೀಟರ್ ಮಾಡಿದ್ರ ಚಿತ್ರ ನುಣುಪಾಗ್ತದ ಅಷ್ಟೇ, ಹೊಸ ಮಾಹಿತಿ ಬರಂಗಿಲ್ಲ.

ಚಿನ್ನದ ಕಡೆಯವ್ರಿಗೂ ಒಂದು ಮಾತು: ಐಪಿ (ಪ್ರೇರಿತ ಧ್ರುವೀಕರಣ) ಮಾಡೆಲ್ ಜೊತೆ ಡ್ರಿಲ್ ಹೋಲ್ ಹಾಕೋವಾಗ ಇಳಿಜಾರಿನ ಚಿಹ್ನೆ ನೋಡ್ರಿ. ಕೆಲ ತಂತ್ರಾಂಶಕ್ಕ ಕೆಳಮುಖ ಅಂದ್ರ -60, ಕೆಲವಕ್ಕ +60. ತಪ್ಪಿದ್ರ ಹೋಲ್ ಆಕಾಶಕ್ಕ ಹೋಗ್ತದ, ಅದು ಕಣ್ಣಿಗೆ ಬೀಳ್ತದ. ಬೀಳದ ತಪ್ಪು ಅಂದ್ರ ಗಣಿಯ ಸ್ಥಳೀಯ ಗ್ರಿಡ್ಡಿನ ಉತ್ತರ. ಅದು ನಿಜ ಉತ್ತರಕ್ಕಿಂತ ತಿರುಗಿರ್ತದ, ತಿರುಗಿಸದೇ ಹಾಕಿದ್ರ ಹೋಲ್ ಎಲ್ಲಾ ಪಾಪ ಸರಿ ಕಂಡಂಗೇ ಕಾಣ್ತಾವು.

ಪದರಪದರ (ಬಳ್ಳಾರಿ)
ನಿರ್ದೇಶಾಂಕದ ಮಾತು ಬಂದಿದ್ದು ಒಳ್ಳೇದಾಯ್ತು. ನಮ್ಮ ಮೂರೂ ಜಿಲ್ಲೆ (ಕೊಪ್ಪಳ, ರಾಯಚೂರು, ಬಳ್ಳಾರಿ) ಯುಟಿಎಂ (ಮೀಟರ್ ಲೆಕ್ಕದ ನಕ್ಷೆ ಗ್ರಿಡ್) ವಲಯ 43 ಉತ್ತರ, ಇಪಿಎಸ್‌ಜಿ 32643. ಇಲ್ಲಿ ಉತ್ತರಾಂಕ 17 ಲಕ್ಷ ಮೀಟರ್ ಆಸುಪಾಸು. ಪ್ಯಾರಾವ್ಯೂ ಚಿತ್ರ ಬರೆಯುವಾಗ ಸಿಂಗಲ್ ಪ್ರಿಸಿಷನ್ ಬಳಸಿದರೆ ಅಷ್ಟು ದೊಡ್ಡ ಸಂಖ್ಯೆಗೆ 12.5 ಸೆಂಟಿಮೀಟರಿಗಿಂತ ಸಣ್ಣ ವ್ಯತ್ಯಾಸ ಉಳಿಯಲ್ಲ, ತಿರುಗಿಸಿದಾಗ ಮೆಶ್ ನಡುಗುತ್ತೆ. ಹೊಲದ ಒಂದು ಮೂಲೆಯನ್ನು ಸೊನ್ನೆ ಮಾಡಿ ಎಲ್ಲದರಿಂದ ಕಳೆಯಿರಿ. ಕಳೆದ ಸಂಖ್ಯೆಯನ್ನು ಫೈಲ್ ಜೊತೆಗೇ ಬರೆದಿಡಿ.

ಎತ್ತರವೂ ಹಾಗೇ. ಡಿಜಿಪಿಎಸ್ ಕೊಡೋದು ಎಲಿಪ್ಸಾಯ್ಡ್ (ಭೂಮಿಯ ಗಣಿತದ ಆಕಾರ) ಎತ್ತರ, ಎಸ್‌ಆರ್‌ಟಿಎಂ (ಬಾಹ್ಯಾಕಾಶದಿಂದ ಅಳೆದ ಎತ್ತರದ ಡೇಟಾ) ಕೊಡೋದು ಸಮುದ್ರಮಟ್ಟದ ಎತ್ತರ. ನಮ್ಮ ಕಡೆ ಎರಡಕ್ಕೂ 70-90 ಮೀಟರ್ ಅಂತರ. ಸರಿಪಡಿಸದೆ ಹಾಕಿದರೆ ಇಲೆಕ್ಟ್ರೋಡೆಲ್ಲ ನೆಲದೊಳಗೆ ಹೂತು ಕಾಣುತ್ತವೆ.

ಲಂಬಕ್ಕೆ 2 ಪಟ್ಟು ಹಿಗ್ಗಿಸಿದ ಚಿತ್ರದಲ್ಲಿ ಇಳಿಜಾರು ಅಳೆಯಬೇಡಿ. 45 ಡಿಗ್ರಿ 63 ಆಗಿ ಕಾಣುತ್ತೆ.

ಸಿಂಧನೂರುಗದ್ದೆ
ನೀರು ಸಿಕ್ಕ ಮ್ಯಾಲ ಫ್ಲೋರೈಡ್ ಪರೀಕ್ಷೆ ಬಿಡಬ್ಯಾಡ್ರಿ. ಕೊಪ್ಪಳ, ರಾಯಚೂರು ಗ್ರಾನೈಟ್ ನೀರು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರ ಕುಡಿಯೂಕ ಬರಂಗಿಲ್ಲ. ಯಾವ ಮಾಡೆಲ್ಲೂ ಇದನ್ನ ತೋರ್ಸಂಗಿಲ್ಲ.

ಎರೆಹೊಲ (ಕೊಪ್ಪಳ)
ಎಲ್ಲಾರಿಗೂ ಶರಣು. ಕವರೇಜ್ ಕತ್ತರಿಸಿ, ಡಿಓಐ 0.2 ಹಾಕಿದ ಮ್ಯಾಲ ಬಲೂನು ಪೂರ್ತಿ ಹೋತು. ಉಳಿದದ್ದು 3, 4, 5ನೇ ಸಾಲಿನಾಗ ಡೈಕಿನ ಪಶ್ಚಿಮ ಮಗ್ಗಲಿಗೆ 18ರಿಂದ 35 ಮೀಟರ್ ಆಳದ ಒಂದು ಸಣ್ಣ ಪಟ್ಟಿ, 120-180 ಓಮ್-ಮೀಟರ್. ಹತ್ರದ ಎರಡು ಬೋರಿಗೆ ಕೇಸಿಂಗ್ 60 ಮತ್ತ 80 ಅಡಿ ಇಳಿಸ್ಯಾರಂತ. ಅಡ್ಡ ಸಾಲು ಎರಡು ಹಾಕೋದಕ್ಕ ಪಂಚಾಯ್ತಿ ಒಪ್ಪೈತಿ. ಪಟ್ಟಿ ಪಶ್ಚಿಮಕ್ಕ ವಾಲಿದಂಗ ಕಾಣತೈತಿ, ಹಿಗ್ಗಿಸದ ಚಿತ್ರದಾಗ 70 ಡಿಗ್ರಿ. ಪಾಯಿಂಟ್ ಎಲ್ಲಿ ಇಡಬೇಕು?

ಬೋರ್‌ಲಾಗ್
ಅಡ್ಡ ಸಾಲಿನಾಗೂ ಆ ಪಟ್ಟಿ ಕಂಡ್ರ ಮಾತ್ರ ಪಾಯಿಂಟ್ ಇಡ್ರಿ. ಎರೆ ಈಗ ಬಿರಿದಿರತೈತಿ, ಪ್ರತಿ ಇಲೆಕ್ಟ್ರೋಡಿಗೆ ಉಪ್ಪುನೀರು ಹಾಕಿ ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ನೋಡಿ ಶುರು ಮಾಡ್ರಿ. ಸ್ಟ್ಯಾಕ್ ದೋಷ (ಮತ್ತ ಮತ್ತ ಅಳದಾಗ ಬರೋ ವ್ಯತ್ಯಾಸ) 5% ದಾಟಿದ ಅಳತಿ ತೆಗೀರಿ.

70 ಡಿಗ್ರಿ ವಾಲಿದ್ರ ಅಂಚಿನಿಂದ 10 ಮೀಟರ್ ಪಶ್ಚಿಮಕ್ಕ ಇಟ್ಟ ನೇರ ಬೋರು ಅದನ್ನ 27 ಮೀಟರಿನಾಗ ಕಡೀತೈತಿ, 15 ಮೀಟರಿಗೆ ಇಟ್ರ 41ರಾಗ. 10ಕ್ಕ ಇಡ್ರಿ, ಮಾಡೆಲ್ ನಂಬಿಕಿ ಇರೋ ಆಳದೊಳಗ ಬರತೈತಿ. ಡೈಕ್ ನೆಟ್ಟಗ ಇದ್ದದ್ದು ಅಡ್ಡ ಸಾಲಿನಿಂದ ಗೊತ್ತಾದ್ರ ಅಂಚಿಗೆ 3-4 ಮೀಟರ್ ಹತ್ರ ಸರೀರಿ. ಕೊರೆಯೋವಾಗ 10 ಅಡಿಗೊಂದು ಕಲ್ಲುಪುಡಿ ಚೀಲದಾಗ ಹಿಡಿದು ಆಳ ಬರೀರಿ, ಕೇಸಿಂಗ್ ಎಲ್ಲಿ ನಿಂತಿತು, ನೀರು ಮೊದಲು ಎಷ್ಟು ಅಡಿಗೆ ಬಂತು ಬರೀರಿ. ಆ ಫೈಲ್ ಇಲ್ಲಿ ಹಾಕ್ರಿ, ಮಾಡೆಲ್ ಮಗ್ಗಲಿಗಿಟ್ಟು ಗಡಿ ಬೆಲೆ ಮತ್ತ ಎಲ್ಲಾರೂ ಕೂಡಿ ನೋಡೋಣ.

ಮಸ್ಕಿಮೆಶ್
ಆ 10 ಸಾಲಿನ ಡೇಟಾನೂ ಹಾಕ್ರಿ. ರೆಸಿಪೈದಾಗ ಎಲ್1, ಎಲ್2 ಎರಡೂ ಓಡಿಸಿ ವಿಟಿಕೆ ವಾಪಸ್ ಕಳಸ್ತೀನಿ.